ಇಳಿಜಾರಿನಲ್ಲಿ ಎರಡನೇ ಗೇರು

ಮಾರ್ಚ್ 3, ಮಂಗಳವಾರ

ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರದ ಹಾಳೆಯನ್ನೇ ಬದಲಾಯಿಸಿಬಿಟ್ಟಿದ್ದರು. ಹೋದ ಸಲ ನನ್ನ ಸರದಿ ಬರುವವರೆಗೆ ಬಾಗಿಲ ಹತ್ತಿರ ಕೂತು, ಒಳಗಿದ್ದವರು ಓದುವುದನ್ನು ಕೇಳಿ ಕೇಳಿ ಕೆಳಗಿನ ಸಾಲುಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಇವತ್ತು ಅವನ್ನೇ ಗಟ್ಟಿಯಾಗಿ, ಎಲ್ಲೂ ತಡವರಿಸದೆ ಒಪ್ಪಿಸಿದೆ. ಡಾಕ್ಟರು, "ಅದು ಹಳೇ ಹಾಳೆ, ಯಜಮಾನ್ರೇ" ಅಂದರು.

ಪಕ್ಕದಲ್ಲೇ ಸೊಸೆ ನಿಂತಿದ್ದಳು. ನೆಲ ಬಾಯಿ ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ಅವಳು ನಗಲಿಲ್ಲ. ನಕ್ಕಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಎರಡೂ ಕಣ್ಣಿನ ಅಂಚು ಕತ್ತಲಾಗಿದೆಯಂತೆ, ಹೋದದ್ದು ಹಿಂದಕ್ಕೆ ಬರುವುದಿಲ್ಲವಂತೆ. ಉಳಿದದ್ದಕ್ಕೆ ದಿನಾ ಮದ್ದಿನ ಹನಿ ಬಿಟ್ಟುಕೊಳ್ಳಬೇಕು. ಓದಬಹುದು, ಬರೆಯಬಹುದು, ಗಾಡಿ ಮಾತ್ರ ಓಡಿಸುವಂತಿಲ್ಲ. ನಾನು ಬೇರೇನು ಮಾಡಿದ್ದೇನೆ ಈ ಜೀವಮಾನದಲ್ಲಿ? ಗುಡ್ಡದ ಮೇಲಿನ ಕುದುರೆ ಲಾಯದಿಂದ ಕೆಳಗಿನ ಸವಾರಿ ಮೈದಾನಕ್ಕೆ ಟ್ರೇಲರಿನಲ್ಲಿ ಕುದುರೆ ಇಳಿಸುವುದು, ಸಂಜೆ ಹತ್ತಿಸುವುದು. ಗಾಡಿ ನಿಲ್ಲಿಸುವ ಅಡ್ಡೆಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಡೀಸೆಲ್ ಮಾವ ಅಂತಲೇ ಕರೆಯುತ್ತಾರೆ. ಇನ್ನು ಏನಂತ ಕರೆಯುತ್ತಾರೋ.

ಮಾರ್ಚ್ 6, ಶುಕ್ರವಾರ

ನನ್ನ ಜೊತೆಗೆ ನನ್ನ ಗಾಡಿಯೂ ಕೈಕೊಟ್ಟಿತು. ಡೀಸೆಲ್ ಪಂಪು ಒಳಗೇ ಒಡೆದು, ಅದರ ಲೋಹದ ಪುಡಿ ಇಂಜೆಕ್ಟರುಗಳ ತನಕ ಹೋಗಿದೆ. ಮೆಕ್ಯಾನಿಕ್ ಹೇಳಿದ ಲೆಕ್ಕ ಕೇಳಿ ನನ್ನವಳು, ಅಷ್ಟಕ್ಕೆ ಇನ್ನೊಂದು ಮದುವೆ ಮಾಡಬಹುದು ಅಂದಳು. ಯಾರದ್ದು ಅಂತ ನಾನು ಕೇಳಲಿಲ್ಲ.

ಸೊಸೆ ತಾನು ಓಡಿಸುತ್ತೇನೆ ಅಂದಿದ್ದಾಳೆ. ಮದುವೆಗೆ ಮುಂಚೆ ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದವಳು. ಬಟ್ಟೆ ಗಂಟಿಗೂ ಕುದುರೆಗೂ ವ್ಯತ್ಯಾಸ ಇದೆ ಅಂದೆ. ಗಂಟು ಒದೆಯಲ್ಲ ಅಷ್ಟೇ ಅಂದಳು. ಮಗ ಬಂದರಿನಲ್ಲಿ ಕ್ರೇನ್ ನಡೆಸುವವನು, ಭಾನುವಾರ ಮಾತ್ರ ಮನೆಗೆ ಬರುತ್ತಾನೆ. ಫೋನಿನಲ್ಲೇ ಹೂಂ ಅಂದುಬಿಟ್ಟ.

ಇವತ್ತು ಶೋರೂಮಿಗೆ ಹೋದೆವು. ಒಂದೇ ಪಿಕಪ್ಪು, ಎರಡು ಇಂಜಿನ್ನು. ನಾನು ಡೀಸೆಲ್ಲಿನ ಪರ ವಕೀಲಿಕೆ ಮಾಡಿದೆ. ಎಳೆಯುವ ಶಕ್ತಿ ಕೆಳಗಿನಿಂದಲೇ ಬರುತ್ತದೆ, ಏರಿನಲ್ಲಿ ಗೊಣಗದೆ ಹತ್ತುತ್ತದೆ, ಭಾರ ಹೇರಿದರೂ ಕಡಿಮೆ ಕುಡಿಯುತ್ತದೆ, ಸರಿಯಾಗಿ ನೋಡಿಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಇಳಿಜಾರಿನಲ್ಲಿ ಒಂದು ಗುಂಡಿ ಒತ್ತಿದರೆ ಹೊಗೆ ಹೋಗುವ ದಾರಿಯನ್ನು ಮುಚ್ಚಿ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಎಲ್ಲ ಕೇಳಿಸಿಕೊಂಡು ಸೊಸೆ ಸೇಲ್ಸ್‌ಮನ್ನನ್ನು ಒಂದೇ ಮಾತು ಕೇಳಿದಳು, ನಾವು ಒಂದು ಸಲಕ್ಕೆ ಓಡಿಸುವುದು ಅರ್ಧ ಗಂಟೆ, ಆಮೇಲೆ ನಿಲ್ಲಿಸ್ತೀವಿ, ಅದಕ್ಕೆ ಯಾವುದು? ಅವನು ನನ್ನ ಮುಖ ನೋಡದೆ ಪೆಟ್ರೋಲ್ ಅಂದ. ಹೊಸ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದಂತೆ. ದೂರ ಓಡಿದರೆ ಆ ಮಸಿ ಸುಟ್ಟುಹೋಗುತ್ತದೆ, ಬರೀ ಹತ್ತಿರದ ಓಡಾಟಕ್ಕೆ ಕಟ್ಟಿಕೊಳ್ಳುತ್ತದೆ. ರಿಪೇರಿಯೂ ಪೆಟ್ರೋಲಿನದೇ ಸಲೀಸು ಅಂದ.

ಪೆಟ್ರೋಲನ್ನೇ ತಂದಳು. ಸ್ಟಾರ್ಟ್ ಮಾಡಿದ್ದು ಗೊತ್ತೇ ಆಗಲಿಲ್ಲ. ಹೊಲಿಗೆ ಮಷಿನ್ ಅಂತ ಹೆಸರಿಟ್ಟಿದ್ದೇನೆ.

ಮಾರ್ಚ್ 12, ಗುರುವಾರ

ಲಾಯದಮ್ಮ ಒಂದು ತಿಂಗಳು ನೋಡುತ್ತೇನೆ ಅಂದಿದ್ದಾಳೆ. ಲಾಯದ ಒಡತಿ ಅವಳು, ಕುದುರೆಗಳನ್ನು ಬಿಟ್ಟರೆ ಯಾರನ್ನೂ ಹೊಗಳಿದ್ದನ್ನು ನಾನು ಕೇಳಿಲ್ಲ. ಸರಿಹೋದರೆ ಕೆಲಸ ಸೊಸೆಗೆ, ಇಲ್ಲದಿದ್ದರೆ ಬೇರೆಯವರಿಗೆ. ಹೊಸ ಡ್ರೈವರ್ ಜೊತೆ ಅನುಭವಸ್ಥರು ಒಬ್ಬರು ಇರಲಿ ಅಂತ ಅವಳೇ ಹೇಳಿದ್ದರಿಂದ ನಾನು ಪಕ್ಕದ ಸೀಟಿನಲ್ಲಿ ಕೂತೆ. ಅಡ್ಡೆಯ ಮುಂದೆ ಹಾದುಹೋಗುವಾಗ ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ, ಯಾರೂ ನೋಡದಿರಲಿ ಅಂತ. ನೋಡಿದರು. ಹಾರ್ನ್ ಬೇರೆ ಹೊಡೆದರು.

ಸಂಜೆ ಎರಡು ಕುದುರೆ ಹೇರಿದ ಟ್ರೇಲರನ್ನು ಏರಿನಲ್ಲಿ ಎಳೆಯುವಾಗ ಹೊಲಿಗೆ ಮಷಿನ್ ಕೂಗಿಕೊಂಡಿತು. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತಿದೆ ಅಂತ ತೋರಿಸುವ ಮುಳ್ಳು ನಾಲ್ಕು ಸಾವಿರ ದಾಟಿತು. ನನ್ನ ಗಾಡಿ ಅದರ ಅರ್ಧದಲ್ಲಿ ಹತ್ತುತ್ತಿತ್ತು. ಆ ಸದ್ದಿಗೆ ನನ್ನ ಹಲ್ಲು ಕಟಕಟ ಅಂದವು. ಇಂಜಿನ್ ಸಾಯುತ್ತೆ ಅಂದೆ. "ಪೆಟ್ರೋಲ್ ಕೂಗ್ತಾನೇ ಕೆಲಸ ಮಾಡೋದು ಮಾವ, ಅತ್ತೆ ಥರ" ಅಂದಳು. ನಗು ಬಂತು, ನಗಲಿಲ್ಲ.

ಬೆಳಿಗ್ಗೆ ಇಳಿಯುವಾಗ, ಕಡಿದಾದ ದಾರಿ ಬೇಡ, ಸುತ್ತು ದಾರಿಯಲ್ಲೇ ಇಳಿ ಅಂದಿದ್ದೆ. ಹಾಗೇ ಮಾಡಿದ್ದಳು.

ರಿವರ್ಸ್ ಮಾತ್ರ ದೇವರಿಗೇ ಪ್ರೀತಿ. ಮೈದಾನದ ಗೇಟಿನೊಳಗೆ ಟ್ರೇಲರನ್ನು ಹಿಂದಕ್ಕೆ ತಳ್ಳಬೇಕು. ಅವಳು ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಹೋಗುತ್ತದೆ. ಕುದುರೆಗಳೇ ಬೇಜಾರಾಗಿ ಒದೆಯಲು ಶುರು ಮಾಡಿದವು. ಮೈದಾನದ ಹುಲ್ಲು ಕತ್ತರಿಸುವವನು ಕೆಲಸ ನಿಲ್ಲಿಸಿ ನೋಡುತ್ತಾ ನಿಂತ. ಕೊನೆಗೆ ಹೇಳಿಕೊಟ್ಟೆ, ಸ್ಟೀರಿಂಗನ್ನು ಕೆಳಗಡೆ ಹಿಡಿ, ಟ್ರೇಲರಿನ ಬಾಲ ಯಾವ ಕಡೆ ಹೋಗಬೇಕೋ ಕೈ ಆ ಕಡೆ ಸರಿಸು, ಅಷ್ಟೇ.

ಮಾರ್ಚ್ 17, ಮಂಗಳವಾರ

ಮತ್ತೆ ರಿವರ್ಸ್. ಗೇಟಿನ ಕಂಬಕ್ಕೆ ಒಂದು ಮುತ್ತು. ಬೈದೆ. ಮಧ್ಯಾಹ್ನದವರೆಗೆ ಮಾತಾಡಲಿಲ್ಲ ಅವಳು. ಆಮೇಲೆ ಕಾಯುವ ಹೊತ್ತಿನಲ್ಲಿ ತಾನಾಗಿಯೇ ಲಾಂಡ್ರಿಯ ಕಥೆ ತೆಗೆದಳು, ಒಬ್ಬರ ಮನೆಯ ಪರದೆಯನ್ನು ಇನ್ನೊಬ್ಬರಿಗೆ ಕೊಟ್ಟು, ಅವರು ಅದನ್ನೇ ಹಾಕಿಕೊಂಡು ತಿಂಗಳಾದರೂ ಗೊತ್ತೇ ಆಗದೆ ಇದ್ದದ್ದು. ಮನೆಯಲ್ಲಿ ಇವಳು ಇಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ.

ಪೆಟ್ರೋಲ್ ಎಷ್ಟು ಕುಡಿಯಿತು ಅಂತ ಬರೆಯೋಣ ಅಂದುಕೊಂಡಿದ್ದೆ, ನೋಡುವುದು ಮರೆತೆ.

ಮಾರ್ಚ್ 21, ಶನಿವಾರ

ಒಂದೇ ಸಲಕ್ಕೆ ಒಳಗೆ ಹಾಕಿದಳು. ಕಂಬಕ್ಕೂ ಟ್ರೇಲರಿಗೂ ನಡುವೆ ಎರಡೂ ಕಡೆ ಒಂದೇ ಜಾಗ. ಹುಲ್ಲು ಕತ್ತರಿಸುವವನು ಚಪ್ಪಾಳೆ ತಟ್ಟಿದ. ಇಳಿದು ಬಂದವಳು ನನ್ನ ಕಡೆ ತಿರುಗಿ, ಈಗೇನು ಹೇಳ್ತೀರಿ ಅನ್ನುವ ಹಾಗೆ ನಿಂತಳು. ಪರವಾಗಿಲ್ಲ ಅಂದೆ. ಅಡ್ಡೆಯ ಮುಂದೆ ಬರುವಾಗ ಬಗ್ಗುವುದು ನೆನಪಾಗಲಿಲ್ಲ.

ಭಾನುವಾರ, ಸೋಮವಾರ ರಜೆ, ಮಂಗಳವಾರ ಮತ್ತೆ ಹೋಗಬೇಕು. ಭಾನುವಾರವೂ ಹೋಗುವ ಹಾಗಿದ್ದರೆ ಚೆನ್ನಾಗಿತ್ತು.

ಮಾರ್ಚ್ 24, ಮಂಗಳವಾರ

ಸೊಸೆಗೆ ಏನೂ ಆಗಿಲ್ಲ. ನನಗೂ ಏನೂ ಆಗಿಲ್ಲ. ಟ್ರೇಲರಿನಲ್ಲಿದ್ದ ಬೂದು ಕುದುರೆಯ ಮೊಣಕಾಲಿಗೆ ಹೊಲಿಗೆ ಬಿದ್ದಿದೆ.

ಇವತ್ತು ಬರೆಯಲಾರೆ.

ಮಾರ್ಚ್ 26, ಗುರುವಾರ

ಬರೆಯುತ್ತೇನೆ. ಇಲ್ಲಿಯಾದರೂ ಬರೆಯಬೇಕು.

ಸುತ್ತು ದಾರಿಯಲ್ಲಿ ಪೈಪ್ ಹಾಕಲು ಅಗೆದಿದ್ದರು. ಕಡಿದಾದ ದಾರಿಯಲ್ಲೇ ಇಳಿಯಬೇಕಾಯಿತು. ಮೇಲೆಯೇ ಗಾಡಿ ನಿಲ್ಲಿಸಿ, ಎರಡನೇ ಗೇರಿಗೆ ಹಾಕಿ, ಮೆಲ್ಲಗೆ ಇಳಿಸಲು ಶುರು ಮಾಡಿದಳು. ಕೆಳಗಿನ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ ಅಂತ ಶೋರೂಮಿನವರು ಹೇಳಿಕೊಟ್ಟಿದ್ದರಂತೆ. ಟ್ರೇಲರಿನ ಭಾರ ಹಿಂದಿನಿಂದ ತಳ್ಳಿದ ಹಾಗೆ ಇಂಜಿನ್ ಸದ್ದು ಏರಿತು. ನಾಲ್ಕು ಸಾವಿರ, ನಾಲ್ಕೂವರೆ. ಮೊದಲು ಕೂಗಿತು, ಆಮೇಲೆ ಅರಚಿತು. ನನ್ನ ಡೀಸೆಲ್ ಜೀವಮಾನದಲ್ಲಿ ಒಂದೇ ಸಲ ಅಷ್ಟು ಮೇಲಕ್ಕೆ ಹೋಗಿತ್ತು, ಅವತ್ತು ಅದರ ಇಂಜಿನ್ ಒಡೆದಿತ್ತು. ನನ್ನ ಕಿವಿಗೆ ಗೊತ್ತಿರುವುದು ಅಷ್ಟೇ.

ಮೂರಕ್ಕೆ ಹಾಕು ಅಂದೆ. ಇರಲಿ ಮಾವ, ಹಿಡಿದುಕೊಂಡಿದೆ ಅಂದಳು. ನಾನು ಕಿರುಚಿದೆ. ಇಂಜಿನ್ ಒಡೆಯುತ್ತೆ, ಮೂರಕ್ಕೆ ಹಾಕು ಅಂತೀನಿ, ನಿನಗಿಂತ ಮುಂಚೆ ಈ ರಸ್ತೆ ಕಂಡವನು ನಾನು. ಇನ್ನೂ ಏನೇನೋ ಅಂದೆ, ಲಾಂಡ್ರಿಯ ಮಾತನ್ನೂ ಆಡಿದೆ. ಅವಳ ಕುತ್ತಿಗೆ ಕೆಂಪಾಯಿತು. ಮೂರಕ್ಕೆ ಹಾಕಿದಳು.

ಸದ್ದು ಇಳಿಯಿತು. ನೋಡಿದೆಯಾ ಅಂದೆ. ಅಂದೆ, ಅಷ್ಟು ಹೊತ್ತಿಗೇ ಗಾಡಿ ಓಡತೊಡಗಿತು. ಇಂಜಿನ್ ಹಿಡಿದಿದ್ದ ಭಾರವೆಲ್ಲ ಈಗ ಬ್ರೇಕಿನ ಮೇಲೆ ಬಿತ್ತು. ಎರಡು ತಿರುವು ದಾಟುವಷ್ಟರಲ್ಲಿ ಸುಟ್ಟ ವಾಸನೆ, ಮೂರನೆಯದರಲ್ಲಿ ಹೊಗೆ. ಪೆಡಲ್ ನೆಲಕ್ಕೆ ಹೋಗ್ತಿದೆ ಮಾವ ಅಂದಳು, ತಣ್ಣಗೆ, ಯಾರಿಗೋ ಗಂಟೆ ಹೇಳುವ ಹಾಗೆ. ಬ್ರೇಕ್ ಹೋದ ಲಾರಿಗಳಿಗೆ ಅಂತ ರಸ್ತೆ ಪಕ್ಕದಲ್ಲಿ ಜಲ್ಲಿ ಸುರಿದ ಏರು ಮಾಡಿದ್ದಾರಲ್ಲ, ಅದರೊಳಗೆ ನೇರವಾಗಿ ನುಗ್ಗಿಸಿದಳು. ಚಕ್ರ ಹೂತು ನಿಂತಿತು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಇದ್ದಷ್ಟು ಕಣ್ಣನ್ನೂ ಮುಚ್ಚಿಕೊಂಡಿದ್ದೆ.

ಲಾಯದಮ್ಮ ಬಂದು ಏನಾಯಿತು ಅಂದಾಗ ನಾನು ಬಾಯಿ ತೆರೆಯುವ ಮುಂಚೆಯೇ ಸೊಸೆ ಹೇಳಿದಳು, "ನಾನೇ ಗೇರ್ ಬದಲಾಯಿಸಿಬಿಟ್ಟೆ. ಗಾಬರಿಯಾಯ್ತು." ಲಾಯದಮ್ಮ ನನ್ನ ಕಡೆ ನೋಡಿದಳು. ನಾನು ಕುದುರೆಯ ಕಾಲು ನೋಡುತ್ತಾ ನಿಂತೆ. ಬಾಯಿ ತೆರೆಯುವ ಮುಂಚೆ ಅಂತ ಮೇಲೆ ಬರೆದಿದ್ದೇನೆ. ಸುಳ್ಳು. ತೆರೆಯಲು ಬೇಕಾದಷ್ಟು ಹೊತ್ತಿತ್ತು.

ಮಾರ್ಚ್ 27, ಶುಕ್ರವಾರ

ಗಾಡಿ ಗ್ಯಾರೇಜಿನಲ್ಲಿದೆ. ಬ್ರೇಕ್ ಪ್ಯಾಡುಗಳು ಪೂರ್ತಿ ಸುಟ್ಟಿವೆ, ಇಂಜಿನ್ನಿಗೆ ಒಂದು ಗೀರೂ ಇಲ್ಲ. ನಾಲ್ಕೂವರೆ ಸಾವಿರ ಅಂದರೆ ಅದಕ್ಕೇನು ಮಹಾ, ದಿನಾ ಹೋಗಬಹುದು ಅಂದ ಮೆಕ್ಯಾನಿಕ್.

ಅಡ್ಡೆಯವರು ಅಲ್ಲಿಗೇ ಬಂದರು, ನನ್ನನ್ನು ಸಮಾಧಾನ ಮಾಡಲು. ಪೆಟ್ರೋಲ್ ಗಾಡಿ ಟ್ರೇಲರ್ ಎಳೆಯೋಕಲ್ಲ, ಮಕ್ಕಳನ್ನು ಸ್ಕೂಲಿಗೆ ಬಿಡೋಕೆ ಅಂದ ಒಬ್ಬ. ಹೆಂಗಸರ ಕೈಗೆ ಕೊಟ್ಟರೆ ಇನ್ನೇನಾಗುತ್ತೆ ಅಂದ ಇನ್ನೊಬ್ಬ. "ಡೀಸೆಲ್ ಆಗಿದ್ರೆ ಹೀಗಾಗ್ತಿತ್ತಾ, ಮಾವ?" ಅಂತ ಮೂರನೆಯವನು ಕೇಳಿದ.

ನಾನು ಇಲ್ಲ ಅನ್ನುವ ಹಾಗೆ ತಲೆ ಅಲ್ಲಾಡಿಸಿದೆ. ಡೀಸೆಲ್ ಆಗಿದ್ದರೆ ಇಂಜಿನ್ ಅರಚುತ್ತಿರಲಿಲ್ಲ, ನಾನೂ ಕಿರುಚುತ್ತಿರಲಿಲ್ಲ, ಅದು ನಿಜ. ಸುಳ್ಳು ಒಂದಕ್ಷರ ಹೇಳದೆ ಅವಳ ಮಾನ ಕಳೆದು ಬಂದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಮನೆಗೆ ಬಂದು ಕನ್ನಡಿ ನೋಡಲು ಮನಸ್ಸಾಗಲಿಲ್ಲ, ಹಾಗೇ ಶೇವ್ ಮಾಡಿಕೊಂಡು ಗಲ್ಲ ಕೊಯ್ದುಕೊಂಡೆ.

ಮಾರ್ಚ್ 29, ಭಾನುವಾರ

ಮಗ ಬಂದಿದ್ದ. ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ, ಇದು ನಿನ್ನ ಕೈಲಾಗುವ ಕೆಲಸವಲ್ಲ, ಗಾಡಿ ಮಾರೋಣ, ಲಾಂಡ್ರಿಯವರು ಕರೆಯುತ್ತಲೇ ಇದ್ದಾರಲ್ಲ. ಲಾಯದಮ್ಮನೂ ಗುರುವಾರದೊಳಗೆ ಬೇರೆಯವರನ್ನು ಗೊತ್ತು ಮಾಡುತ್ತಾಳಂತೆ. ಅವಳು ತಟ್ಟೆ ನೋಡುತ್ತಾ ಕೂತಿದ್ದಳು. ಮಗ ನನ್ನ ಕಡೆ ತಿರುಗಿ, "ಅಪ್ಪ, ನೀವು ಮೊದಲೇ ಹೇಳಿದ್ರಿ. ನಾನೇ ಕೇಳಲಿಲ್ಲ" ಅಂದ.

ನನ್ನವಳು ಪಾತ್ರೆ ತೆಗೆದಿಡುತ್ತಾ ಯಾರ ಮುಖವನ್ನೂ ನೋಡದೆ ಕೇಳಿದಳು, "ಅಲ್ಲ ರೀ, ಆ ಇಳಿಜಾರಲ್ಲಿ ನೀವು ಬಾಯಿ ಮುಚ್ಕೊಂಡು ಕೂತಿದ್ರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಎದ್ದು ಹೋಗಿ, ಅದಾಗಲೇ ಮುಚ್ಚಿದ್ದ ಕಿಟಕಿಯನ್ನು ಮುಚ್ಚಿದೆ. ಸೊಸೆ ಮಾತ್ರ, "ಮಾವ ಸುಮ್ನೇ ಕೂತಿದ್ರು ಅತ್ತೆ" ಅಂದಳು. ಎರಡನೇ ಸಲ.

ಈ ಹುಡುಗಿ ನನಗೇನಾಗಬೇಕು? ಮಗ ಕಟ್ಟಿಕೊಂಡು ಬಂದವಳು. ಬೈಸಿಕೊಂಡವಳು. ನನ್ನ ಪರ ನಿಂತು ತನ್ನ ಕೆಲಸ ಕಳೆದುಕೊಳ್ಳುತ್ತಿದ್ದಾಳೆ. ನಾನು ಬಿಸಿ ಅನ್ನ ಉಣ್ಣುತ್ತಾ ಕೂತಿದ್ದೇನೆ.

ಏಪ್ರಿಲ್ 1, ಬುಧವಾರ

ಬಸ್ಸಿನಲ್ಲಿ ಲಾಯಕ್ಕೆ ಹೋದೆ. ಮನೆಯಲ್ಲಿ ಹೇಳಲಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಕಣ್ಣು, ವಯಸ್ಸು, ಡೀಸೆಲ್ಲಿನ ಅಭ್ಯಾಸ, ಹೀಗೆ ಸ್ವಲ್ಪ ಸ್ವಲ್ಪ ತಪ್ಪು ಎಲ್ಲದರ ಮೇಲೂ ಹಂಚಿ. ಲಾಯದಮ್ಮ ಬೂದು ಕುದುರೆಯ ಕಾಲಿನ ಪಟ್ಟಿ ಬಿಚ್ಚುತ್ತಿದ್ದಳು. ಗಾಯ ಕಂಡ ಮೇಲೆ ಜೋಡಿಸಿಕೊಂಡದ್ದೆಲ್ಲ ಹೋಯಿತು.

"ಅವಳು ಎರಡರಲ್ಲೇ ಇಳಿಸ್ತಿದ್ಲು. ಸರಿಯಾಗೇ ಇಳಿಸ್ತಿದ್ಲು. ಬೈದು ಬೈದು ಮೂರಕ್ಕೆ ಹಾಕಿಸಿದ್ದು ನಾನು. ಜಲ್ಲಿಗೆ ನುಗ್ಗಿಸಿ ಕುದುರೆ ಉಳಿಸಿದ್ದು ಅವಳು" ಅಂದೆ.

ಅವಳು ಪಟ್ಟಿ ಕಟ್ಟಿ ಮುಗಿಸಿದಳು. ಆಮೇಲೆ ಕೈ ಒರೆಸಿಕೊಂಡು, ಅಷ್ಟು ವರ್ಷ ನನ್ನ ಕುದುರೆ ಇಳಿಸಿದವರು ನೀವು ಅನ್ನೋದಕ್ಕೆ ಬೈಯಲ್ಲ ಅಂದಳು. ಕೆಲಸ ಅವಳಿಗೇ ಇರಲಿ, ಮುಂದಿನ ವಾರದಿಂದ ಬರಲಿ. "ಆದ್ರೆ ನನ್ನ ಕುದುರೆ ಹೇರಿದ ಗಾಡೀಲಿ ಇನ್ನು ನೀವು ಕೂರಬಾರದು." ಸರಿ ಅಂದೆ. ಸರಿಯೇ ಅಲ್ಲವೇ.

ಬರುವಾಗ ಅಡ್ಡೆಯಲ್ಲಿ ಇಳಿದು ಅಲ್ಲಿಯೂ ಹೇಳಿದೆ. ಯಾರೂ ನಗಲಿಲ್ಲ, ಒಬ್ಬ ಚಹಾ ಕೊಡಿಸಿದ. ಬೈದಿದ್ದರೆ ಚೆನ್ನಾಗಿತ್ತು. ಆದರೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು. ಹಬ್ಬ ಮಾಡುವವನ ಹಾಗೆ ಮನೆಗೆ ಬಂದೆ.

ಸೊಸೆ ಬಟ್ಟೆ ಮಡಿಸುತ್ತಿದ್ದಳು. ಎಲ್ಲ ಹೇಳಿದೆ. ಕೆಲಸ ನಿನಗೇ ಅಂದೆ. ಮುಖ ಅರಳುತ್ತದೆ ಅಂತ ಕಾದೆ. ಅವಳು, "ನೀವು ಬರೋ ಹಾಗಿಲ್ವಾ?" ಅಂದಳು. ಇಲ್ಲ, ಅದು ಬಿಡು ಅಂದೆ.

ಕೈಯಲ್ಲಿದ್ದ ಅಂಗಿಯನ್ನು ಹಾಗೇ ಬಿಟ್ಟಳು. "ಅದಕ್ಕೇ ನಾನು ಹೇಳಿರಲಿಲ್ಲ. ನಿಮ್ಮ ಮರ್ಯಾದೆ ಉಳಿಸೋಕೆ ಅಂದ್ಕೊಂಡ್ರಾ? ಗೊತ್ತಾದ್ರೆ ನಿಮ್ಮನ್ನ ಇಳಿಸ್ತಾರೆ ಅಂತ ಗೊತ್ತಿತ್ತು ಮಾವ. ಲಾಯ ಹೋದ್ರೆ ಬೇರೆ ಬಾಡಿಗೆ ಹಿಡೀತಿದ್ವಿ. ಇಬ್ರೂ ಹೋಗ್ತಿದ್ವಿ. ಈ ಮನೆಗೆ ಬಂದ ಮೇಲೆ ನಾನು ಬಾಯ್ತುಂಬ ಮಾತಾಡಿದ್ದು ಆ ಗಾಡೀಲಿ ಮಾತ್ರ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅಲ್ಲೇ ಕೂತು ಉಳಿದ ಬಟ್ಟೆ ಮಡಿಸಿದೆ. ಮಡಿಸಲು ಬರುವುದಿಲ್ಲ ನನಗೆ.

ಏಪ್ರಿಲ್ 5, ಭಾನುವಾರ

ಮಾತಿಲ್ಲ. ಮದ್ದಿನ ಹನಿಯ ಸೀಸೆ ಮಾತ್ರ ಹೊತ್ತಿಗೆ ಸರಿಯಾಗಿ ನನ್ನ ಮುಂದೆ ತಂದಿಡುತ್ತಾಳೆ.

ಮಗನಿಗೂ ಹೇಳಿದೆ. ಅವನು ನನಗಲ್ಲ, ಅವಳಿಗೆ ತಪ್ಪಾಯಿತು ಅಂದ. ನಾನು ಹಾಗೆ ಅಂದಿಲ್ಲವಲ್ಲ ಅಂತ ಆಗ ಹೊಳೆಯಿತು. ಲಾಯದಮ್ಮನಿಗೆ ಹೇಳಿದೆ, ಅಡ್ಡೆಗೆ ಹೇಳಿದೆ, ಮಗನಿಗೆ ಹೇಳಿದೆ. ಅವಳಿಗೆ ಕೆಲಸ ನಿನಗೇ ಅಂತ ಬಹುಮಾನ ಕೊಡುವವನ ಹಾಗೆ ಹೇಳಿದೆ, ಅಷ್ಟೇ. ಅಡುಗೆಮನೆಗೆ ಹೋಗಿ, ತಪ್ಪಾಯಿತಮ್ಮ, ಲಾಂಡ್ರಿಯ ಮಾತು ಆಡಬಾರದಿತ್ತು, ಗೇರಿನ ಮಾತೂ ಆಡಬಾರದಿತ್ತು ಅಂದೆ. ನಲ್ಲಿ ಬಿಟ್ಟುಕೊಂಡಿದ್ದಳು. ಕೇಳಿಸಿತೋ ಇಲ್ಲವೋ. ಎರಡನೇ ಸಲ ಹೇಳಲು ಧೈರ್ಯ ಬರಲಿಲ್ಲ.

ಏಪ್ರಿಲ್ 7, ಮಂಗಳವಾರ

ಇವತ್ತು ಅವಳು ಒಬ್ಬಳೇ ಹೋಗುವ ಮೊದಲ ದಿನ. ಸುತ್ತು ದಾರಿ ಇನ್ನೂ ಮುಚ್ಚಿದೆ. ಮನೆಯ ಗೇಟಿನವರೆಗೆ ಹೋಗಿ ಟ್ರೇಲರಿನ ಕೊಂಡಿ ಬಿಗಿಯಾಗಿದೆಯಾ ಅಂತ ಕೈಯಾಡಿಸಿ ನೋಡಿದೆ. ಅದು ಬೇಕಿರಲಿಲ್ಲ, ಅವಳು ನೋಡಿಯಾಗಿತ್ತು. ಪಕ್ಕದ ಸೀಟಿನ ಮೇಲೆ ಅವಳ ಊಟದ ಡಬ್ಬಿ ಇತ್ತು. ಹೋದಳು.

ಅಂಗಳದಲ್ಲಿ ಕೂತಿದ್ದೆ. ಫೋನ್ ಬಂತು. "ಮಾವ, ಮೇಲೆ ನಿಲ್ಲಿಸಿದ್ದೀನಿ. ಕುದುರೆ ಹೇರಿ ಆಯ್ತು. ಫೋನ್ ಮುಂದೆ ಸ್ಟ್ಯಾಂಡಿಗೆ ಹಾಕಿ ಸ್ಪೀಕರ್ ಇಟ್ಟಿದ್ದೀನಿ. ಗಾಡೀಲಿ ಕೂರಬಾರದು ಅಂದ್ರು, ಕೇಳಬಾರದು ಅನ್ನಲಿಲ್ವಲ್ಲ" ಅಂದಳು. ನನ್ನ ಉತ್ತರಕ್ಕೆ ಕಾಯಲಿಲ್ಲ.

ಎರಡನೇ ಗೇರು ಬಿದ್ದದ್ದು ಕೇಳಿಸಿತು. ಆಮೇಲೆ ಇಂಜಿನ್ ಏರತೊಡಗಿತು. ಮೂರು ಸಾವಿರ, ನಾಲ್ಕು, ಅದರ ಮೇಲೆ, ಆ ಅರಚುವ ಸದ್ದು. ಮೂರಕ್ಕೆ ಹಾಕು ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಗೊತ್ತಿದ್ದೂ ಬಂತು, ಎಲ್ಲ ಆದ ಮೇಲೂ ಬಂತು. ನಾಚಿಕೆ ಅನ್ನುವುದು ಒಂದು ಸಲ ಅನುಭವಿಸಿದರೆ ಮುಗಿಯುವ ವಸ್ತುವಲ್ಲ. ಅಂಗೈಯಿಂದ ಬಾಯಿ ಮುಚ್ಚಿ ಹಿಡಿದುಕೊಂಡೆ. ನನ್ನವಳು ಬಾಗಿಲಲ್ಲಿ ಬಂದು ನಿಂತು ನೋಡಿ, ಏನೂ ಕೇಳದೆ ಪಕ್ಕದಲ್ಲಿ ಕೂತಳು.

ಒಂದು ತಿರುವು, ಇನ್ನೊಂದು, ಮತ್ತೊಂದು. ಕುದುರೆಯೊಂದು ಕಾಲು ಬದಲಾಯಿಸಿದ ಸದ್ದೂ ಬಂತು. ಜಲ್ಲಿಯ ಏರು ಇರುವ ಜಾಗ ದಾಟುವಷ್ಟು ಹೊತ್ತಾಯಿತು. ಇಂಜಿನ್ ಒಂದೇ ಸಮ ಕೂಗುತ್ತಿತ್ತು, ಹಿಡಿದುಕೊಂಡಿತ್ತು. ನಿಧಾನಕ್ಕೆ ಸದ್ದು ತಗ್ಗಿತು. ರಸ್ತೆ ಸಮಕ್ಕೆ ಬಂದಿರಬೇಕು.

"ಮಾವ, ಇದ್ದೀರಾ?" ಅಂದಳು.

ಬಾಯಿಯಿಂದ ಕೈ ತೆಗೆದೆ. ಇದ್ದೀನಮ್ಮ ಅಂದೆ. ಬೇರೆ ಏನೂ ಅನ್ನಲಿಲ್ಲ.